ತುಂಬಿದ ಪೀಪಾಯಿಯ ಗುರುತು

ಇಪ್ಪತ್ತೆರಡು ವರ್ಷ ವೈನರಿಯೊಂದರ ನೆಲಮಾಳಿಗೆಯಲ್ಲಿ ವೈನ್ ಪೀಪಾಯಿಗಳನ್ನು ನೋಡಿಕೊಂಡಿದ್ದ ಹೆಂಗಸನ್ನು ಒಂದು ಬುಧವಾರ ಕೆಲಸದಿಂದ ತೆಗೆದರು. ಕೈಯೆಲ್ಲ ಕಪ್ಪಗಾಗಿದೆ, ನೋಡಲು ಬರುವವರಿಗೆ ಚೆನ್ನಾಗಿ ಕಾಣುವುದಿಲ್ಲ ಎಂದರು. ಗುರುವಾರ ಅದೇ ನೆಲಮಾಳಿಗೆಯಲ್ಲಿ, ಬಂದವರನ್ನು ಒಳಗೆ ಕರೆದು ಮಾತಾಡಿಸುವ ಕೆಲಸಕ್ಕೆ ಅವಳ ಒಡಹುಟ್ಟಿದ ತಂಗಿಯನ್ನು ಸೇರಿಸಿಕೊಂಡರು.

ಇದಾಗಿ ಐದು ತಿಂಗಳು. ಅಕ್ಕ ಈಗ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಬಿಳಿ ಬಟ್ಟೆ ಮಡಿಸುತ್ತಾಳೆ. ಸೋಪಿನ ನೀರಿಗೆ ಅಂಗೈಯ ಕಲೆ ದಿನದಿಂದ ದಿನಕ್ಕೆ ಮಾಸುತ್ತಿದೆ. ಮೊದಲು ಉಗುರು ತಿಳಿಯಾಯಿತು, ಆಮೇಲೆ ಬೆರಳ ಸಂದು. ಹೆಬ್ಬೆರಳ ಬುಡದಲ್ಲಿ ಕೂದಲೆಳೆಯಂಥ ಒಂದು ಕಪ್ಪು ಗೆರೆ ಉಳಿದಿದೆ. ಅದು ಇದೆಯೋ ಹೋಯಿತೋ ಎಂದು ದಿನಾ ಸಂಜೆ ಕಿಟಕಿಯ ಬೆಳಕಿಗೆ ಕೈ ಹಿಡಿದು ನೋಡಿಕೊಳ್ಳುತ್ತಾಳೆ.

ತಂಗಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚು. ಒಲೆ ಹೊತ್ತಿಸಲು ಬೆಂಕಿಪೊಟ್ಟಣ ಬೇಡ ಎನ್ನುವಷ್ಟು ಹೊಟ್ಟೆಕಿಚ್ಚು. ಎರಡೇ ಕೋಣೆಯ ಆ ಮನೆಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಾದರೂ ಎಲ್ಲಿ? ತಂಗಿ ಎತ್ತರದ ಹಿಮ್ಮಡಿಯ ಶೂ ತೊಟ್ಟು ಟಕಟಕ ಎಂದು ಮೆಟ್ಟಿಲಿಳಿದರೆ ಇವಳಿಗೆ ಎದೆಯ ಮೇಲೆ ನಡೆದಂತೆ. ತಂಗಿ ಕನ್ನಡಿಯ ಮುಂದೆ ನಿಂತು ‘ಬನ್ನಿ, ದಯವಿಟ್ಟು ಬನ್ನಿ’ ಎಂದು ನಗು ಅಭ್ಯಾಸ ಮಾಡಿದರೆ ಇವಳು ಪಾತ್ರೆಗಳನ್ನು ಬೇಕೆಂದೇ ಗಲಗಲ ತೊಳೆಯುತ್ತಾಳೆ. ಅಮ್ಮನಂತೂ ವೈನರಿಯವರು ಅಚ್ಚು ಹಾಕಿಸಿದ ಬಣ್ಣದ ಕಾಗದವೊಂದನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದರಲ್ಲಿ ಪೀಪಾಯಿಗಳ ಸಾಲು, ಸಾಲಿನ ಮುಂದೆ ವೈನ್ ಬಣ್ಣದ ಕೋಟು ತೊಟ್ಟ ತಂಗಿ. ಬಂದವರಿಗೆಲ್ಲ ಅಮ್ಮ ಹೇಳುವುದು ಒಂದೇ ಮಾತು: “ನಮ್ಮ ಪುಟ್ಟಿ. ಎಷ್ಟು ಚೆಂದ ಬಂದಿದಾಳೆ ನೋಡಿ.” ಆ ಪೀಪಾಯಿಗಳೂ ಚೆಂದ ಬಂದಿವೆ ಎಂದು ಯಾರೂ ಹೇಳಿದ್ದಿಲ್ಲ. ಕೈ ಕೆಸರಾದದ್ದು ಒಬ್ಬಳದು, ಬಾಯಿ ಮೊಸರಾದದ್ದು ಇನ್ನೊಬ್ಬಳದು.

ಎಲ್ಲಕ್ಕಿಂತ ಉರಿಯುವ ಸಂಗತಿ ಬೇರೆಯೇ ಇತ್ತು. ಅದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ಕೆಲಸದಿಂದ ತೆಗೆಯುವ ಹಿಂದಿನ ವಾರ ಧಣಿ ನೆಲಮಾಳಿಗೆಗೆ ಇಳಿದು ಬಂದು, “ನಿಮ್ಮ ಮನೇಲಿ ನಾಲ್ಕು ಜನರ ಮುಂದೆ ಮಾತಾಡೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿದ್ದ. “ನನ್ನ ತಂಗಿ ಇದಾಳೆ, ಸಾರ್. ಚಪ್ಪಲಿ ಅಂಗಡೀಲಿದಾಳೆ. ಅವಳ ಬಾಯಿಗೆ ಬರಿಗಾಲಲ್ಲಿ ಬಂದೋರು ಎರಡು ಜೊತೆ ತಗೊಂಡು ಹೋಗ್ತಾರೆ,” ಎಂದು ಹೆಮ್ಮೆಯಿಂದ ಹೇಳಿದವಳು ಇವಳೇ.

ಹೀಗಿರುವಾಗ ಪಕ್ಕದ ಮನೆಯ ದರ್ಜಿ ಎರಡು ಟಿಕೆಟ್ ಹಿಡಿದು ಬಂದಳು. ನಾಲಿಗೆಯ ಮೊನೆಯಿಂದಾಗಿ ಕೇರಿಯವರೆಲ್ಲ ಅವಳನ್ನು ಕರೆಯುವುದು ಸೂಜಿ ಎಂದೇ. ಪ್ರವಾಸಿ ಬಸ್ಸಿನ ಡ್ರೈವರುಗಳಿಗೆ ಸಮವಸ್ತ್ರ ಹೊಲಿದುಕೊಟ್ಟದ್ದಕ್ಕೆ ಬಸ್ಸಿನವರು ಖುಷಿಯಾಗಿ ಕೊಟ್ಟ ಟಿಕೆಟ್‌ಗಳು. ಒಂದು ದಿನ, ಮೂರು ಚಿಕ್ಕ ಊರು, ಮೂರು ವೈನರಿ.

“ಮೂರನೇದು ನಿಂದೇ ಕಣೇ,” ಎಂದಳು ಸೂಜಿ. “ಬಾ, ನೋಡ್ಕೊಂಡು ಬರೋಣ.”

“ನಾನ್ಯಾಕೆ ಬರ್ಲಿ? ನೋಡದೇ ಇರೋದು ಅಲ್ಲೇನಿದೆ?”

“ನಿನ್ನ ತಂಗಿ ಇದಾಳೆ. ಅವಳು ಅಲ್ಲಿ ಏನ್ ಹೇಳ್ತಾಳೆ ಅಂತ ದಿನಾ ರಾತ್ರಿ ಗೋಡೆಗೆ ಮುಖ ಮಾಡ್ಕೊಂಡು ಸುಟ್ಕೊಳ್ಳೋ ಬದಲು ಒಂದ್ಸಲ ಕಿವಿಯಾರೆ ಕೇಳ್ಬಿಡು. ಗಾಯ ಆದ್ರೆ ನಾನು ಹೊಲೀತೀನಿ.”

ಅಕ್ಕ ಲಾಂಡ್ರಿಗೆ ರಜೆ ಹಾಕಿದಳು. ತಂಗಿಗೆ ತಿಳಿಸಲಿಲ್ಲ.

ಬಸ್ಸಿನ ಕಿಟಕಿಗಳು ಎಷ್ಟು ದೊಡ್ಡವೆಂದರೆ ಹೊರಗಿದ್ದ ದ್ರಾಕ್ಷಿ ತೋಟಗಳೆಲ್ಲ ಬಂದು ತೊಡೆಯ ಮೇಲೆ ಕೂತಂತಿತ್ತು. ಬಾಚಿದ ತಲೆಯಂತೆ ಸಾಲು ಸಾಲು ಬಳ್ಳಿ. ಎಲ್ಲರೂ ‘ಆಹಾ’ ಎಂದರು. ಅಕ್ಕ ಸಾಲುಗಳ ನಡುವೆ ಬಗ್ಗಿದ್ದ ಬೆನ್ನುಗಳನ್ನು ಎಣಿಸಿದಳು. ಹದಿನಾಲ್ಕು.

ಮೊದಲ ಊರು ಬೆಟ್ಟದ ಮಗ್ಗುಲಲ್ಲಿತ್ತು. ಕಲ್ಲು ಹಾಸಿದ ಬೀದಿ, ಚೌಕದಲ್ಲಿ ನಿಂತುಹೋದ ಗಡಿಯಾರ, ಪ್ರತಿ ಕಿಟಕಿಯ ಕೆಳಗೂ ಹೂವಿನ ಡಬ್ಬಿ. ಅಲ್ಲಿನ ವೈನರಿಯಲ್ಲಿ ಪೀಪಾಯಿಗಳ ಬದಲು ಮನೆಯೆತ್ತರದ ಉಕ್ಕಿನ ಡ್ರಮ್ಮುಗಳು. ಅಕ್ಕ ತನಗರಿವಿಲ್ಲದೆ ಒಂದು ಡ್ರಮ್ಮಿಗೆ ಅಂಗೈ ಒತ್ತಿ ಎಷ್ಟು ಬಿಸಿಯಿದೆ ಎಂದು ನೋಡಿದಳು. “ಮುಟ್ಟಬಾರ್ದು ಮೇಡಂ,” ಎಂದ ಅಲ್ಲಿಯವನು. ಮೇಡಂ! ಸೂಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ರುಚಿ ನೋಡಲು ಉದ್ದನೆಯ ಮೇಜಿನ ಮುಂದೆ ಎಲ್ಲರನ್ನೂ ಕೂರಿಸಿದರು. ಲೋಟದ ತಳದಲ್ಲಿ ಎರಡು ಗುಟುಕು ವೈನ್. ಮೂಸಿ, ಬಾಯಲ್ಲಾಡಿಸಿ, ಪಕ್ಕದ ಬಕೆಟ್ಟಿಗೆ ಉಗಿಯಬೇಕಂತೆ. “ನುಂಗಿದ್ರೆ ಬೈತಾರೇನೇ?” ಎಂದು ಕೇಳಿ ಸೂಜಿ ಉತ್ತರಕ್ಕೆ ಕಾಯದೆ ನುಂಗಿದಳು. ಎಲ್ಲರೂ ಕುಡಿದು ಎದ್ದ ಕೂಡಲೇ ಅಕ್ಕನೂ ಎದ್ದಳು. ಎದ್ದವಳು ಖಾಲಿ ಲೋಟಗಳನ್ನು ಬೆರಳ ಸಂದಿಗೆ ನಾಲ್ಕು ನಾಲ್ಕರಂತೆ ಸಿಕ್ಕಿಸಿಕೊಂಡು ಮೂಲೆಯ ಸಿಂಕಿನ ಕಡೆ ನಡೆದುಬಿಟ್ಟಳು. ನಲ್ಲಿ ತಿರುಗಿಸಿ ಮೂರು ಲೋಟ ತೊಳೆದ ಮೇಲೆಯೇ ತಾನೇನು ಮಾಡುತ್ತಿದ್ದೇನೆಂದು ತಿಳಿದದ್ದು. ಅಷ್ಟರಲ್ಲಿ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಕೂತಿದ್ದ ಟೋಪಿಯ ಮನುಷ್ಯ ತನ್ನ ಲೋಟವನ್ನೂ ತಂದು ಅವಳ ಕೈಗಿತ್ತು, “ಇದರಲ್ಲಿ ಲಿಪ್‌ಸ್ಟಿಕ್ ಹತ್ತಿತ್ತು, ಸರಿಯಾಗಿ ತೊಳೀರಿ,” ಎಂದು ಹೇಳಿ ಹೋದ. ಒಂದು ಗಂಟೆ ಜೊತೆಯಲ್ಲಿ ಬಂದ ಮುಖವನ್ನು, ಕೈಯಲ್ಲಿ ಲೋಟ ಕಂಡ ತಕ್ಷಣ ಅವನು ಮರೆತಿದ್ದ.

“ಕೆಲಸದೋಳನ್ನ ಮನೇಲಿ ಬಿಟ್ಟು ಬರೋಕಾಗಲ್ವಾ ನಿಂಗೆ?” ಎಂದು ಸೂಜಿ ಅವಳ ತೋಳು ಹಿಡಿದು ಎಳೆದಳು.

ಎರಡನೆಯ ಊರಲ್ಲಿ ಕಾಲುವೆ, ಕಾಲುವೆಗೊಂದು ಮರದ ಸೇತುವೆ. ಅಲ್ಲಿನ ವೈನರಿಯಲ್ಲಿ ಎರಡು ಗುಟುಕು ಕುಡಿಸಿ ಊಟಕ್ಕೆ ಬಿಟ್ಟರು. ಸೇತುವೆಯ ಕಟಾಂಜನಕ್ಕೆ ಒರಗಿ ಇಬ್ಬರೂ ಬುತ್ತಿ ಬಿಚ್ಚಿದರು. ಎದುರಿನ ಓಣಿಯಲ್ಲಿ ನೀಲಿ ಬಾಗಿಲಿನ ಪುಟ್ಟ ಮನೆಯೊಂದಿತ್ತು. ಅದರ ಫೋಟೋ ತೆಗೆಯಲು ಏಳೆಂಟು ಜನ ಸಾಲುಗಟ್ಟಿದ್ದರು. ಆದರೆ ಬಾಗಿಲ ಮುಂದೆ ಒಬ್ಬ ಹೆಂಗಸು ಮಂಡಿಯೂರಿ ಮೆಟ್ಟಿಲು ಉಜ್ಜುತ್ತಿದ್ದಳು. ಎಲ್ಲರೂ ಕ್ಯಾಮೆರಾ ಎತ್ತಿ ಹಿಡಿದು ಅವಳು ಏಳಲೆಂದು ಕಾಯುತ್ತಿದ್ದರು. ಅವಳು ಉಜ್ಜಿದ್ದರಿಂದಲೇ ಹೊಳೆಯುತ್ತಿದ್ದ ಮೆಟ್ಟಿಲಿನ ಚಿತ್ರ, ಅವಳಿಲ್ಲದೆ ಬೇಕಿತ್ತು ಅವರಿಗೆ.

“ಏಳ್ಬೇಡ ತಾಯಿ,” ಎಂದು ಅಕ್ಕ ತುತ್ತು ಕೈಯಲ್ಲೇ ಹಿಡಿದು ಗೊಣಗಿದಳು. ಆ ಹೆಂಗಸು ಎದ್ದಳು, ಬಕೆಟ್ ಎತ್ತಿಕೊಂಡು ಗೋಡೆಗೆ ಆತು ನಿಂತಳು. ಕ್ಯಾಮೆರಾಗಳು ಕ್ಲಿಕ್ಕೆಂದವು.

ಮೂರನೆಯ ಊರು ಹತ್ತಿರವಾಯಿತು. ಇಪ್ಪತ್ತೆರಡು ವರ್ಷ ಸೈಕಲ್ ತುಳಿದ ದಾರಿ. ಯಾವ ತಿರುವಿನಲ್ಲಿ ಚೈನು ಕಳಚುತ್ತಿತ್ತೆಂದು ಈಗಲೂ ಕಾಲಿಗೆ ಗೊತ್ತು. ವೈನರಿಯ ಹಿತ್ತಲ ಬಾಗಿಲು ಕಂಡಿತು. ಬಸ್ಸು ಅದನ್ನು ದಾಟಿ, ಅವಳು ಒಮ್ಮೆಯೂ ಹೊಕ್ಕಿರದ ಮುಂಬಾಗಿಲಿಗೆ ಹೋಗಿ ನಿಂತಿತು.

ನೆಲಮಾಳಿಗೆಯ ಮೆಟ್ಟಿಲಿಗೆ ಹಳದಿ ದೀಪ ಬಂದಿತ್ತು. ನೆಲಕ್ಕೆ ಹೊಸ ಹಲಗೆ. ಆದರೆ ವಾಸನೆ ಅದೇ: ಒದ್ದೆ ಮರ, ತಣ್ಣನೆ ಕಲ್ಲು, ಒಳಗೆಲ್ಲೋ ಉಸಿರಾಡುವ ದ್ರಾಕ್ಷಿ. ಅದರಡಿಯಲ್ಲಿ ಹುಳಿಯ ಒಂದು ಎಳೆಯೂ ಇತ್ತು. ನೆಲಕ್ಕೆ ಬಳಿದ ಎಣ್ಣೆ ಇರಬೇಕೆಂದುಕೊಂಡಳು.

ತಂಗಿ ಅಲ್ಲೇ ನಿಂತಿದ್ದಳು. ವೈನ್ ಬಣ್ಣದ ಕೋಟು, ಎತ್ತಿ ಕಟ್ಟಿದ ಕೂದಲು. ಅಕ್ಕ ಟೋಪಿಯ ಮನುಷ್ಯನ ಬೆನ್ನಿಗೆ ಮರೆಯಾದಳು. ಎಷ್ಟು ಚೆಂದ ಕಾಣುತ್ತಿದ್ದಾಳೆ ಎಂದು ಮೊದಲ ಕ್ಷಣಕ್ಕೆ ಅನ್ನಿಸಿತು. ಎರಡನೆಯ ಕ್ಷಣಕ್ಕೆ, ಯಾಕಿಷ್ಟು ಚೆಂದ ಕಾಣಬೇಕು ಎಂದು.

“ಬನ್ನಿ, ದಯವಿಟ್ಟು ಬನ್ನಿ,” ಎಂದಳು ತಂಗಿ. “ಪೀಪಾಯಿಗೆ ಬಾಯಿಲ್ಲ, ಆದ್ರೆ ಉಸಿರಿದೆ. ಮರ ವೈನನ್ನ ಸ್ವಲ್ಪ ಸ್ವಲ್ಪ ಕುಡೀತಾ ಹೋಗುತ್ತೆ. ಮರ ಅಂದ್ರೆ ಮನೆಗೆ ಬಂದ ಅತಿಥಿ ಇದ್ದ ಹಾಗೆ, ಅದಕ್ಕೂ ಒಂದು ಪಾಲು ಕೊಡಬೇಕು.”

ಜನ ‘ವಾಹ್’ ಎಂದರು. ಅಕ್ಕನಿಗೆ ಕಿವಿಗೆ ಕಾದ ಎಣ್ಣೆ ಬಿದ್ದಂತಾಯಿತು. ಅದು ಅವಳ ಮಾತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ತಂಗಿಗೆ ಹೇಳಿದ್ದ ಮಾತು. ಅವಳು ಹೇಳಿದ್ದು, ಮರ ಬಾಯಾರಿದ ಕೂಲಿಯವನಿದ್ದ ಹಾಗೆ ಎಂದು. ಕೂಲಿಯವನನ್ನು ತಂಗಿ ಅತಿಥಿ ಮಾಡಿದ್ದಳು. ಕದ್ದವಳು ಕದ್ದಳು, ಕದ್ದದ್ದಕ್ಕೆ ಸ್ನಾನ ಮಾಡಿಸಿ ಪೌಡರ್ ಬೇರೆ ಹಚ್ಚಿದ್ದಳು.

“ಇಲ್ನೋಡಿ,” ಎಂದು ತಂಗಿ ಪೀಪಾಯಿಗಳ ಮುಖ ತೋರಿಸಿದಳು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ಅರ್ಧಚಂದ್ರ, ಅದರ ಹೊಟ್ಟೆಯಲ್ಲೊಂದು ಚುಕ್ಕೆ. “ನಮ್ಮ ಧಣಿಗಳ ಅಜ್ಜಿ ಪ್ರತಿ ಪೀಪಾಯಿಗೂ ಹೀಗೆ ಬರೆದು ಹರಸ್ತಾ ಇದ್ದರಂತೆ. ಇವತ್ತಿಗೂ ದಿನಾ ಬೆಳಿಗ್ಗೆ ನನ್ನ ಕೈಯಾರೆ ಬರೀತೀನಿ. ನಮ್ಮ ಬಾಟಲಿ ಮೇಲೂ ಇದೇ ಗುರುತು.”

ಧಣಿಯ ಅಜ್ಜಿ! ಆ ಮುದುಕಿ ಈ ಮೆಟ್ಟಿಲು ಇಳಿದದ್ದನ್ನು ಕಂಡವರಿಲ್ಲ. ಗುರುತು ಅಕ್ಕನದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳೇ ಕಂಡುಕೊಂಡದ್ದು. ಹರಕೆಯೂ ಅಲ್ಲ, ಹಾರೈಕೆಯೂ ಅಲ್ಲ. ಮರ ಕುಡಿದಷ್ಟನ್ನು ವಾರಕ್ಕೊಮ್ಮೆ ಮೇಲಿನ ಬಿರಡೆ ತೆಗೆದು ತುಂಬಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಕೂತು ವೈನ್ ಹುಳಿಯುತ್ತದೆ. ತುಂಬಿದ ಪೀಪಾಯಿಗೆ ಗುರುತು ಹಾಕುವುದು, ಶನಿವಾರ ಸಂಜೆ ಎಲ್ಲ ಗುರುತುಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸೋಮವಾರ ಮತ್ತೆ ಮೊದಲಿನಿಂದ. ಗುರುತಿದ್ದರೆ ತುಂಬಿದೆ, ಗುರುತಿಲ್ಲದಿದ್ದರೆ ತುಂಬು. ಕೆಳಗೆ ದುಡಿಯುವವರಿಗೆಲ್ಲ ಗೊತ್ತಿದ್ದ ಕಾನೂನು ಅದೊಂದೇ.

“ಆ ಗುರುತು ನಂದು,” ಎಂದಳು ಅಕ್ಕ.

ಹೇಳಬೇಕೆಂದುಕೊಂಡು ಹೇಳಿದ್ದಲ್ಲ. ಕಲ್ಲು ಕಮಾನಿನ ಕೆಳಗೆ ಮಾತು ದೊಡ್ಡದಾಗಿ ಕೇಳಿಸಿತು. ಟೋಪಿಯ ಮನುಷ್ಯ ಪಕ್ಕಕ್ಕೆ ಸರಿದ. ತಂಗಿಯ ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತು.

“ಅಕ್ಕಾ? ನೀನ್ಯಾವಾಗ ಬಂದೆ?”

“ಬಸ್ಸಲ್ಲಿ ಬಂದೆ. ಟಿಕೆಟ್ ಇದೆ. ಅಜ್ಜಿ ಕಥೆ ಯಾರು ಕಲಿಸಿದ್ದು ನಿಂಗೆ?”

“ಬರ್ಕೊಟ್ಟಿದ್ದಾರೆ ಅಕ್ಕ. ಹೇಳು ಅಂದಿದ್ದಾರೆ.”

“ಯಾರ ಗುರುತು ಅಂತ ಗೊತ್ತಿತ್ತಾ ನಿಂಗೆ?”

ತಂಗಿ ಜನರನ್ನು ನೋಡಿದಳು, ಮೆಟ್ಟಿಲ ಕಡೆ ನೋಡಿದಳು, ಕೊನೆಗೆ ಅಕ್ಕನನ್ನು ನೋಡಿದಳು. “ಗೊತ್ತಿತ್ತು,” ಎಂದಳು ಮೆಲ್ಲಗೆ. “ಮನೇಲಿ ನಿನ್ನ ಬುತ್ತಿ ಡಬ್ಬಿ ಮೇಲೂ ಇದೇ ಗೀಚಿರ್ತಿದ್ದೆಯಲ್ಲ. ಬಂದೋರು ಕೈಯಾಡಿಸಿ ಇಲ್ಲಿಂದು ಅಳಿಸಿ ಹೋಗ್ತಿತ್ತು. ನಿಂದು ಅಳಿಸೋದು ಬೇಡ ಅಂತ ನಾನೇ ದಿನಾ ಬರೀತಿದ್ದೆ.”

ಈ ಮಾತಿಗೆ ಕರಗಬೇಕಿತ್ತು ಅಕ್ಕ. ಕರಗಲಿಲ್ಲ. ತನ್ನದನ್ನು ಉಳಿಸುವ ಕೆಲಸವೂ ಇವಳ ಪಾಲಿಗೇ ಹೋಯಿತಲ್ಲ ಎಂದು ಇನ್ನಷ್ಟು ಉರಿದಳು.

ಅಷ್ಟರಲ್ಲಿ ಧಣಿ ಮೆಟ್ಟಿಲಿಳಿದು ಬಂದ. ಹಿಂದೆಯೇ, ಈಗ ಪೀಪಾಯಿಗಳನ್ನು ನೋಡಿಕೊಳ್ಳುವ ಹೊಸ ಮೇಸ್ತ್ರಿ. ಧಣಿ ಬುದ್ಧಿವಂತ, ಬಂದವರ ಮುಖ ನೋಡಿಯೇ ಅರ್ಧ ತಿಳಿದುಕೊಂಡ, ಇನ್ನರ್ಧವನ್ನು ಸೂಜಿ ತಿಳಿಸಿಕೊಟ್ಟಳು: “ನಿಮ್ಮ ಅಜ್ಜಿ ಇಲ್ಲೇ ನಿಂತಿದಾರೆ ಸಾರ್. ವಯಸ್ಸು ಸ್ವಲ್ಪ ಕಮ್ಮಿ ಅಷ್ಟೆ.”

ಜನ ನಕ್ಕರು. ಧಣಿ ಎಲ್ಲರಿಗಿಂತ ಜೋರಾಗಿ ನಕ್ಕು ಅಕ್ಕನ ಹೆಗಲ ಮೇಲೆ ಕೈಯಿಟ್ಟ. ಐದು ತಿಂಗಳ ಹಿಂದೆ ನೋಡಲು ಚೆನ್ನಾಗಿಲ್ಲ ಎಂದಿದ್ದ ಕೈಯನ್ನು ಎತ್ತಿ ಜನರಿಗೆ ತೋರಿಸಿದ. “ನೋಡಿ, ಇದು ಅದೃಷ್ಟ ಅಂದ್ರೆ! ನಮ್ಮ ಹಳೇ ಕೆಲಸಗಾತಿ. ಅಜ್ಜಿ ಕಲಿಸಿದ ಗುರುತನ್ನ ಇಪ್ಪತ್ತು ವರ್ಷ ಬರೆದ ಕೈ. ಇವತ್ತು ನಿಮಗೋಸ್ಕರ ಇವರೇ ಬರೆದು ತೋರಿಸ್ತಾರೆ. ಫೋಟೋ ತಗೊಳ್ಳಿ.” ಆಮೇಲೆ ತಂಗಿಗೆ, “ಕೊಡಮ್ಮ ಸೀಮೆಸುಣ್ಣ.”

ತಂಗಿ ಏಳನೆಯ ಪೀಪಾಯಿಯ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ಪಕ್ಕಕ್ಕೆ ಸರಿದಳು. ಸೀಮೆಸುಣ್ಣ ಅಕ್ಕನ ಕೈಗೆ ಬಂತು.

ದೀಪದ ಬೆಳಕು ನೇರ ಅವಳ ಮೇಲೆ. ಕ್ಯಾಮೆರಾಗಳೆಲ್ಲ ಎದ್ದವು. ಟೋಪಿಯ ಮನುಷ್ಯನೂ ಒಂದನ್ನು ಎತ್ತಿದ್ದ. ಈಗ ಅವನಿಗೆ ಅವಳ ಮುಖ ಕಾಣುತ್ತಿತ್ತು. ತಂಗಿ ನೆರಳಲ್ಲಿದ್ದಳು. ಐದು ತಿಂಗಳಿಂದ ಗೋಡೆಗೆ ಮುಖ ಮಾಡಿ ಬೇಡಿಕೊಂಡದ್ದು ಇದನ್ನೇ ತಾನೇ? ಅಮ್ಮನ ಬೀರುವಿಗೆ ಹೊಸ ಕಾಗದ ಬರುತ್ತದೆ. ಅವಳು ಸಂತೋಷದಿಂದ ಸೀಮೆಸುಣ್ಣ ಎತ್ತಿದಳು.

ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಕೈಯಲ್ಲಿತ್ತು. ಬಲಗೈ ಬರೆಯುವ ಮೊದಲು ಎಡಗೈ ತಟ್ಟಬೇಕು. ಎಡಗೈಯ ಬೆರಳ ಗಿಣ್ಣು ಬಿರಡೆಯ ಕೆಳಗೆ ಎರಡು ಸಲ ತಟ್ಟಿತು.

ದಪ್ ಎನ್ನಬೇಕಿತ್ತು. ಟೊಣ್ ಎಂದಿತು.

ಅವಳು ಒಂದು ಗೇಣು ಕೆಳಗೆ ತಟ್ಟಿದಳು. ಟೊಣ್. ಇನ್ನೂ ಕೆಳಗೆ ಹೋದ ಮೇಲೆ ದಪ್ ಎಂದಿತು. ಎಂಟನೆಯದನ್ನು ತಟ್ಟಿದಳು, ಒಂಬತ್ತನೆಯದನ್ನು ತಟ್ಟಿದಳು. ಒಂದೊಂದರ ಮುಖದಲ್ಲೂ ಅಚ್ಚುಕಟ್ಟಾದ ಅರ್ಧಚಂದ್ರ, ಒಂದೊಂದರ ಹೊಟ್ಟೆಯಲ್ಲೂ ಗೇಣುದ್ದದ ಗಾಳಿ. ಏಳನೆಯದರ ಬಿರಡೆ ಕಿತ್ತು ಮೂಗು ಹಿಡಿದಳು. ಮೆಟ್ಟಿಲಲ್ಲಿ ಸಿಕ್ಕಿದ್ದ ಹುಳಿಯ ಎಳೆ ಇಲ್ಲಿ ಹಗ್ಗವಾಗಿತ್ತು.

“ಯಾವಾಗ ತುಂಬಿದ್ದು ಇದನ್ನ?” ಎಂದು ಮೇಸ್ತ್ರಿಯನ್ನು ಕೇಳಿದಳು.

“ಪ್ರತಿ ಸೋಮವಾರ ಕ್ಯಾನು ಹಿಡ್ಕೊಂಡು ಸುತ್ತು ಹಾಕ್ತೀನಲ್ಲ,” ಎಂದ ಮೇಸ್ತ್ರಿ. “ಎಲ್ಲದರ ಮೇಲೂ ಗುರುತಿರ್ತಿತ್ತು. ಗುರುತಿದ್ರೆ ತುಂಬಿದೆ ಅಂತ ತಾನೇ? ರಾತ್ರಿ ಪಾಳಿಯವರು ತುಂಬಿಬಿಟ್ಟಿದ್ದಾರೆ ಅಂದ್ಕೊಂಡೆ.”

“ಒಂದ್ಸಲಾನೂ ತಟ್ಟಿ ನೋಡ್ಲಿಲ್ವಾ?”

“ಗುರುತಿತ್ತಲ್ಲಕ್ಕ!”

ತಂಗಿ ಗುರುತುಗಳ ಸಾಲನ್ನು ಮತ್ತೊಮ್ಮೆ ನೋಡಿದಳು. ಅಕ್ಕನ ಗುರುತು ಅಳಿಯದಿರಲೆಂದು ದಿನಾ ಬರೆದ ಪ್ರತಿಯೊಂದು ಅರ್ಧಚಂದ್ರವೂ ಕ್ಯಾನು ಹಿಡಿದು ಬಂದವನನ್ನು ‘ತುಂಬಿದೆ, ಮುಂದೆ ಹೋಗು’ ಎಂದು ಕಳಿಸಿತ್ತು. “ನಂಗೆ ಅದರರ್ಥ ಗೊತ್ತಿರ್ಲಿಲ್ಲ ಅಕ್ಕ,” ಎಂದಳು. “ಚೆಂದದ ಚಿತ್ರ ಅಂದ್ಕೊಂಡಿದ್ದೆ.”

ಅಕ್ಕ ಬೆಳಗಿನಿಂದ ಕಾದದ್ದು ಇಂಥದೊಂದು ಗಳಿಗೆಗೇ. ಒಂದೇ ಒಂದು ಮಾತು ಆಡಿದರೆ ಸಾಕಿತ್ತು, ಆ ಕೋಟು ಇವತ್ತೇ ಕಳಚಿ ಬೀಳುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕುಯ್ಲಿನಿಂದ ತಾನೇ ಸಾಕಿದ ವೈನ್ ಒಳಗೆ ಹುಳಿಯುತ್ತಿರುವಾಗ ಆ ಮಾತಿಗೆ ರುಚಿಯೇ ಇರಲಿಲ್ಲ. ಗುರುತಿನ ಅರ್ಥವನ್ನು ತಾನಾದರೂ ತಂಗಿಗೆ ಯಾವತ್ತು ಹೇಳಿಕೊಟ್ಟಿದ್ದಳು? ಅಡುಗೆಮನೆಯಲ್ಲಿ ಎಲ್ಲ ಹೇಳಿ ಅದೊಂದನ್ನು ತನಗೇ ಇರಲೆಂದು ಇಟ್ಟುಕೊಂಡಿದ್ದಳು.

ಧಣಿ ಹತ್ತಿರ ಬಂದು ನಗು ಕೆಡಿಸದೆ, ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದ: “ನಾಳೆ ತುಂಬಿಸ್ತೀನಿ. ನಿನ್ನನ್ನೂ ವಾಪಸ್ ತಗೋತೀನಿ, ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಾ. ಈಗ ಬರಿ. ಜನ ಕಾಯ್ತಿದ್ದಾರೆ.”

ಅಕ್ಕ ಏಳನೆಯದರ ಬಿರಡೆಯನ್ನು ಮತ್ತೆ ಒತ್ತಿ ಕೂರಿಸಿದಳು.

“ಬರಿ ಅಂದ್ನಲ್ಲ. ಒಂದು ಗೀಟು, ಒಂದು ಚುಕ್ಕೆ. ನಿಂದೇ ಗುರುತು ಅಂತ ತಾನೇ ಕೂಗಾಡಿದ್ದು?”

“ನಂದೇ,” ಎಂದಳು ಅಕ್ಕ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ತಂಗಿಯ ಕೈಯಿಂದ ಒದ್ದೆ ಬಟ್ಟೆ ಇಸಿದುಕೊಂಡು ಎಂಟನೆಯ ಪೀಪಾಯಿಯ ಗುರುತು ಒರೆಸಿದಳು, ಒಂಬತ್ತನೆಯದನ್ನೂ ಒರೆಸಿದಳು. ಕ್ಯಾಮೆರಾಗಳು ಎತ್ತಿದಲ್ಲೇ ಇದ್ದವು.

“ಏನ್ ಮಾಡ್ತಿದೀಯ? ಬರಿ!”

“ಇದು ತುಂಬಿಲ್ಲ ಸಾರ್,” ಎಂದಳು. “ನಾನು ಬರೆಯಲ್ಲ.”